ಒಂದು ವಾದ್ಯತಂಡದ ವಿಘಟನೆಯೂ ಪುನರ್ಮಿಲನವೂ

ನಮ್ಮ ಸಂಗೀತ ಕಚೇರಿಯಲ್ಲಿ ಮುಖ್ಯ ಗಾಯಕರೊಬ್ಬರಿರುತ್ತಾರೆ. ಪಕ್ಕವಾದ್ಯದವರು ಕಚೇರಿಯಿಂದ ಕಚೇರಿಗೆ ಬದಲಾಗಬಹುದು. ಅದರಿಂದ ಗಾಯಕರ ಹೆಸರಿಗೆ ಕುಂದಿಲ್ಲ. 1960ರ ದಶಕದಲ್ಲಿ ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ನೆಲೆಗೊಂಡ ‘ಬ್ಯಾಂಡ್’ ಎಂಬುದರ ಸ್ವರೂಪವೇ ಬೇರೆ. ಅಲ್ಲಿ ನಾಲ್ಕೈದು ಮಂದಿ ಸಮಾನಸ್ಕಂಧರು ಕೂಡಿ ಒಂದು ಹೆಸರನ್ನು ತಾಳುತ್ತಾರೆ. ಕೇಳುಗರ ಪಾಲಿಗೆ ಆ ಹೆಸರೇ ಕಲಾವಿದ. ಆದುದರಿಂದ ತಂಡ ಒಡೆದರೆ ಕಲಾವಿದನೇ ಇಲ್ಲವಾದಂತೆ. ದಶಕಗಳ ತರುವಾಯ ಅದು ಮತ್ತೆ ಕೂಡಿದಾಗ, ಕೂಡಿದ್ದು ಹಳೆಯ ತಂಡವೋ ಅದರ ನೆರಳೋ ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲೆಂಡಿನ ‘ಝಾಂಬೀಸ್’ ತಂಡದ ಚರಿತ್ರೆ ಈ ಪ್ರಶ್ನೆಯ ವಿವೇಚನೆಗೆ ಒಳ್ಳೆಯ ಆಧಾರವನ್ನು ಒದಗಿಸುತ್ತದೆ.

ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ, 1960ರ ದಶಕದ ಆರಂಭದಲ್ಲಿ, ಶಾಲೆಯಲ್ಲಿ ಓದುತ್ತಿದ್ದ ಹುಡುಗರು ಕಟ್ಟಿದ ತಂಡವಿದು. ರಾಡ್ ಆರ್ಜೆಂಟ್ ಕೀಬೋರ್ಡ್ ವಾದಕರು. ಕಾಲಿನ್ ಬ್ಲನ್‌ಸ್ಟೋನ್ ಗಾಯಕರು. ಪಾಲ್ ಅಟ್ಕಿನ್ಸನ್ ಗಿಟಾರ್, ಕ್ರಿಸ್ ವೈಟ್ ಬಾಸ್ ಗಿಟಾರ್, ಹ್ಯೂ ಗ್ರಂಡಿ ಡ್ರಮ್ ನುಡಿಸುತ್ತಿದ್ದರು. ಸ್ಪರ್ಧೆಯೊಂದರಲ್ಲಿ ಗೆದ್ದು, ಡೆಕ್ಕಾ ಸಂಸ್ಥೆಯ ಒಪ್ಪಂದವನ್ನು ಪಡೆದು, 1964ರಲ್ಲಿ ಇವರು ಹೊರತಂದ ‘ಷೀಸ್ ನಾಟ್ ದೇರ್’ ಎಂಬ ಗೀತೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. 1965ರಲ್ಲಿ ‘ಟೆಲ್ ಹರ್ ನೋ’ 6ನೆಯ ಸ್ಥಾನವನ್ನು ಮುಟ್ಟಿತು. ಆ ಬಳಿಕ ಬಂದ ಧ್ವನಿಮುದ್ರಿಕೆಗಳಿಗೆ ಸ್ವದೇಶದಲ್ಲಿ ಪುರಸ್ಕಾರ ದೊರೆಯಲಿಲ್ಲ. 1967ರಲ್ಲಿ ಫಿಲಿಪೈನ್ಸ್ ದೇಶಕ್ಕೆ ಹೋದಾಗ ಮನಿಲಾ ನಗರದಲ್ಲಿ ಸಾವಿರಾರು ಮಂದಿ ಮುಗಿಬಿದ್ದರು; ಆದರೆ ಆ ಜನಸಂದಣಿಗೆ ತಕ್ಕ ಸಂಭಾವನೆ ಕಲಾವಿದರ ಕೈಸೇರಲಿಲ್ಲ.

ತಂಡದ ವಿಘಟನೆಗೆ ಕಾರಣವನ್ನು ಅವರ ಪರಸ್ಪರ ಸ್ನೇಹದಲ್ಲಿ ಹುಡುಕುವುದಕ್ಕಿಂತ ವರಮಾನದ ಹಂಚಿಕೆಯಲ್ಲಿ ಹುಡುಕುವುದು ಉಚಿತ. ಧ್ವನಿಮುದ್ರಿಕೆಯ ಉದ್ಯಮದಲ್ಲಿ ಗೀತರಚಕನಿಗೊಂದು ಹಕ್ಕು, ಹಾಡಿದ ಅಥವಾ ನುಡಿಸಿದವನಿಗೆ ಮತ್ತೊಂದು ಹಕ್ಕು. ಗೀತೆ ಎಲ್ಲಿ ಮಾರಾಟವಾದರೂ ರಚಕನಿಗೆ ರಾಯಲ್ಟಿ ಸಲ್ಲುತ್ತದೆ. ನುಡಿಸಿದವನು ಮುಖ್ಯವಾಗಿ ಕಾರ್ಯಕ್ರಮಗಳ ಸಂಭಾವನೆಯನ್ನೇ ನಂಬಿರಬೇಕಾಗುತ್ತದೆ. ಝಾಂಬೀಸ್ ತಂಡದಲ್ಲಿ ಗೀತೆಗಳನ್ನು ರಚಿಸುತ್ತಿದ್ದವರು ಆರ್ಜೆಂಟ್ ಮತ್ತು ವೈಟ್. ಅವರಿಬ್ಬರ ಜೀವನ ಹೇಗೋ ಸಾಗುತ್ತಿತ್ತು. ಉಳಿದ ಮೂವರ ಕೈ ಬರಿದಾಗಿತ್ತು. ಒಂದೇ ಹೆಸರಿನಡಿ ದುಡಿದ ಐವರಲ್ಲಿ ಎರಡು ವರ್ಗಗಳು ಹೀಗೆ ತಾವಾಗಿಯೇ ಏರ್ಪಟ್ಟವು.

ಅಗಲುವ ಮುನ್ನ ಒಂದು ಕೃತಿಯನ್ನು ತಮ್ಮ ಮನಸ್ಸಿಗೆ ಒಪ್ಪುವಂತೆ ಮುಗಿಸಬೇಕೆಂದು ಅವರು ಸಂಕಲ್ಪಿಸಿದರು. ಸಿ.ಬಿ.ಎಸ್. ಸಂಸ್ಥೆ ಕೊಟ್ಟ ಸುಮಾರು 1000 ಪೌಂಡುಗಳಲ್ಲಿ, 1967ರಲ್ಲಿ, ಬಹುಪಾಲು ಅಬ್ಬೆ ರೋಡ್ ಧ್ವನಿಮುದ್ರಣಾಲಯದಲ್ಲಿ, ‘ಒಡೆಸಿ ಅಂಡ್ ಒರಾಕಲ್’ ಸಿದ್ಧವಾಯಿತು. ಮೆಲ್ಲೋಟ್ರಾನ್ ಎಂಬ ವಾದ್ಯವನ್ನು ಅದರಲ್ಲಿ ಹೇರಳವಾಗಿ ಬಳಸಲಾಗಿದೆ. ಈ ವಾದ್ಯದ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪು; ಮನೆಯನ್ನು ಒತ್ತಿದರೆ ಅದರಲ್ಲಿ ಮೊದಲೇ ಮುದ್ರಿತವಾದ ಪಿಟೀಲಿನ ಅಥವಾ ಕೊಳಲಿನ ನಾದ ಕೆಲವು ಸೆಕೆಂಡುಗಳ ಕಾಲ ಕೇಳಿಬರುತ್ತದೆ. ವಾದ್ಯಗಾರರ ದೊಡ್ಡ ಮೇಳವನ್ನು ಕರೆಸಲು ಹಣವಿಲ್ಲದವರಿಗೆ ಇದೇ ಮೇಳವಾಯಿತು. ಸಂಸ್ಥೆ ಸ್ಟೀರಿಯೊ ಪ್ರತಿಯನ್ನು ಕೇಳಿದಾಗ ಅದರ ಖರ್ಚನ್ನು ಆರ್ಜೆಂಟ್ ಮತ್ತು ವೈಟ್ ತಮ್ಮ ಸ್ವಂತ ಹಣದಿಂದಲೇ ಭರಿಸಿದರು. 1968ರ ಏಪ್ರಿಲಿನಲ್ಲಿ ಕೃತಿ ಹೊರಬರುವ ವೇಳೆಗೆ ತಂಡ ಚದುರಿಹೋಗಿತ್ತು.

ಅಮೆರಿಕದ ಸಂಗೀತಗಾರ ಅಲ್ ಕೂಪರ್ ಆಗ್ರಹಪಡಿಸಿದ್ದರಿಂದ ಕೃತಿ ಅಲ್ಲಿಯೂ ಬಿಡುಗಡೆಯಾಯಿತು; 1969ರ ಆರಂಭದಲ್ಲಿ ಅದರ ‘ಟೈಮ್ ಆಫ್ ದಿ ಸೀಸನ್’ ಗೀತೆ 3ನೆಯ ಸ್ಥಾನಕ್ಕೇರಿತು. ಆ ಕಂಠದ ಒಡೆಯರಾದ ಬ್ಲನ್‌ಸ್ಟೋನ್ ತಂಡವನ್ನು ಬಿಟ್ಟು ಲಂಡನ್ನಿನ ವಿಮಾ ಕಚೇರಿಯೊಂದನ್ನು ಸೇರಿದ್ದರು. ಆರ್ಜೆಂಟ್ ತಮ್ಮ ಹೆಸರಿನದೇ ಹೊಸ ತಂಡವನ್ನು ಕಟ್ಟುವುದರಲ್ಲಿ ಮಗ್ನರಾಗಿದ್ದರು. ಮತ್ತೆ ಕೂಡಿರೆಂಬ ಕರೆಗೆ ಯಾರೂ ಓಗೊಡಲಿಲ್ಲ. ಈ ತೆರವಿನಲ್ಲಿ ಅಮೆರಿಕದ ಕೆಲವು ವ್ಯಾಪಾರಿಗಳು ಬೇರೆ ವಾದಕರನ್ನು ಕಲೆಹಾಕಿ ಝಾಂಬೀಸ್ ಎಂಬ ಹೆಸರಿನಲ್ಲಿಯೇ ಊರೂರು ತಿರುಗಿಸಿದರು. ಕೇಳುಗರು ಧ್ವನಿಯನ್ನು ಬಲ್ಲವರಾಗಿದ್ದರೇ ಹೊರತು ಮುಖಗಳನ್ನು ಬಲ್ಲವರಾಗಿರಲಿಲ್ಲ. ಹೆಸರು ವ್ಯಕ್ತಿಗಳಿಂದ ಬೇರ್ಪಟ್ಟರೆ ಅದು ಬಿಕರಿಯ ಸರಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇತ್ತ ಕೃತಿಯ ಮರ್ಯಾದೆ ಮೆಲ್ಲಮೆಲ್ಲನೆ ಬೆಳೆಯಿತು. 2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಆಯ್ದ 500 ಶ್ರೇಷ್ಠ ಧ್ವನಿಮುದ್ರಿಕೆಗಳಲ್ಲಿ ಅದು 80ನೆಯದಾಯಿತು. ಆರ್ಜೆಂಟ್ ಮತ್ತು ಬ್ಲನ್‌ಸ್ಟೋನ್ 2000ದ ಸುಮಾರಿಗೆ ಜತೆಗೂಡಿದಾಗ ಮೊದಲು ತಮ್ಮಿಬ್ಬರ ಹೆಸರುಗಳಲ್ಲಿಯೇ ಹಾಡಿ, ಹಳೆಯ ಹೆಸರನ್ನು ಆಮೇಲೆಯೇ ತಾಳಿದರು. ಈ ಸಂಕೋಚ ಗಮನಾರ್ಹ. 2004ರ ಜನವರಿಯಲ್ಲಿ, ಅಸ್ವಸ್ಥರಾಗಿದ್ದ ಅಟ್ಕಿನ್ಸನ್ ಅವರ ಸಹಾಯಾರ್ಥ ನಡೆದ ಕಾರ್ಯಕ್ರಮದಲ್ಲಿ, ಐವರೂ ಕೂಡಿ ನುಡಿಸಿದರು. ಏಪ್ರಿಲಿನಲ್ಲಿ ಅಟ್ಕಿನ್ಸನ್ ತೀರಿಕೊಂಡರು.

2008ರ ಮಾರ್ಚಿಯಲ್ಲಿ ಲಂಡನ್ನಿನ ಷೆಪರ್ಡ್ಸ್ ಬುಷ್ ಎಂಪೈರ್ ರಂಗಮಂದಿರದಲ್ಲಿ ಉಳಿದ ನಾಲ್ವರು ಇಡೀ ಕೃತಿಯನ್ನು ಮೊದಲಿಂದ ಕೊನೆಯವರೆಗೆ ಪ್ರಸ್ತುತಪಡಿಸಿದರು. ತಂಡ ಒಡೆದಿದ್ದರಿಂದ ಅದು ಪೂರ್ಣವಾಗಿ ಎಂದೂ ರಂಗದ ಮೇಲೆ ಬಂದಿರಲಿಲ್ಲ. ಮುದ್ರಣಾಲಯದಲ್ಲಿ ಒಬ್ಬನೇ ವಾದಕ ಹಲವು ಸಲ ನುಡಿಸಿದ್ದನ್ನು ಒಂದರ ಮೇಲೊಂದಾಗಿ ಸೇರಿಸಬಹುದು. ರಂಗದ ಮೇಲೆ ಒಬ್ಬನಿಗೆ ಎರಡೇ ಕೈಗಳು. ಆದುದರಿಂದ ಮೂಲದಂತೆಯೇ ಕೇಳಿಸಲು ಹೆಚ್ಚಿನ ವಾದಕರೂ ಗಾಯಕರೂ ಬೇಕಾದರು. ಹೀಗಾಗಿ ಅಂದು ನಡೆದದ್ದನ್ನು ಪುನರಾವೃತ್ತಿ ಎನ್ನಲಾಗದು. ನಲವತ್ತು ವರ್ಷ ತಡವಾಗಿ ನಡೆದ ಪ್ರಥಮ ಪ್ರಯೋಗವೆಂದೇ ಅದನ್ನು ಕರೆಯಬೇಕು. 2019ರಲ್ಲಿ ತಂಡಕ್ಕೆ ಅಮೆರಿಕದ ರಾಕ್ ಅಂಡ್ ರೋಲ್ ಕೀರ್ತಿಭವನದಲ್ಲಿ ಸ್ಥಾನ ದೊರೆಯಿತು. 2024ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಆರ್ಜೆಂಟ್ ಸಂಚಾರ ಕಾರ್ಯಕ್ರಮಗಳಿಂದ ನಿವೃತ್ತರಾದರು.

ಪುನರ್ಮಿಲನಗಳೆಲ್ಲ ಹಳೆಯ ನೆನಪಿನ ವ್ಯಾಪಾರವೆಂಬ ಆಕ್ಷೇಪವುಂಟು. ಹಲವು ತಂಡಗಳ ವಿಷಯದಲ್ಲಿ ಅದು ಸುಳ್ಳೂ ಅಲ್ಲ. ಆದರೆ ಅದನ್ನು ಅಳೆಯಲು ಒಂದು ಒರೆಗಲ್ಲಿದೆ: ಕೂಡಿದವರು ಹೆಸರಿನ ಬೆಲೆಯನ್ನು ವಸೂಲು ಮಾಡಲು ಬಂದವರೋ, ಅರ್ಧಕ್ಕೆ ನಿಂತ ಕೆಲಸವನ್ನು ಪೂರೈಸಲು ಬಂದವರೋ? ಹೆಸರನ್ನು ಯಾರು ಬೇಕಾದರೂ ಧರಿಸಬಹುದೆಂದು 1969ರ ನಕಲಿ ತಂಡಗಳು ತೋರಿಸಿಕೊಟ್ಟವು. ಮುಗಿಯದ ಕೆಲಸ ಮಾತ್ರ ಅದನ್ನು ಆರಂಭಿಸಿದವರಿಗಾಗಿಯೇ ಕಾದಿತ್ತು.