ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಊಟ

ಚಳ್ಳಕೆರೆಯೆಂದೊಡನೆ ಕಡಲೆಕಾಯಿ ಎಣ್ಣೆಯೂ, ಮೊಳಕಾಲ್ಮೂರು ಎಂದೊಡನೆ ರೇಷ್ಮೆ ಸೀರೆಯೂ ನಮ್ಮ ಶ್ರೋತೃಗಳ ನೆನಪಿಗೆ ಬರುವುದು ಸಹಜ. ಆ ಎಣ್ಣೆಯನ್ನು ತೆಗೆಯುವ, ಆ ಸೀರೆಯನ್ನು ನೇಯುವ ಜನರು ಏನನ್ನು ಉಣ್ಣುತ್ತಾರೆಂಬ ವಿಚಾರ ಮಾತ್ರ ನಮ್ಮಲ್ಲಿ ಅಪರೂಪ. ಈ ಹೊತ್ತು ಅದನ್ನೇ ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡುತ್ತೇವೆ.

ವರ್ಷಕ್ಕೆ ೨೦ ಅಂಗುಲದ ಆಸುಪಾಸಿನಲ್ಲಿ ಮಳೆ ಬೀಳುವ ನಾಡು ಇದು. ಹಿಂದಿನವರು ಈ ಮಳೆಗೆ ಒಪ್ಪುವ ನವಣೆ, ಸಾಮೆ, ರಾಗಿ, ಸಜ್ಜೆ, ಹುರುಳಿಗಳನ್ನು ಬೆಳೆದು ಉಂಡರು. ಕಡಲೆಕಾಯಿಯು ಹೊಲಗಳನ್ನು ಆವರಿಸಿದ ಮೇಲೆ ಕೈಗೆ ಹಣ ಬಂದಿತು, ಕಣಜ ಬರಿದಾಯಿತು. ಮಳೆ ತಪ್ಪಿದ ವರ್ಷ ಹಣವೂ ಇಲ್ಲ, ಕಾಳೂ ಇಲ್ಲ.

೨೦೧೩ರಲ್ಲಿ ಅನ್ನಭಾಗ್ಯ ಯೋಜನೆಯು ಆರಂಭವಾಗಿ ಬಡವರ ಮನೆಗೆ ಅಕ್ಕಿ ಬಂದಿತು. ಇದನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವುಂಟು. ತೀಡಿದ ಬಿಳಿಯ ಅಕ್ಕಿಯಲ್ಲಿ ೧೦ರ ಸುಮಾರು.

ಹಾಗಾದರೆ ನವಣೆ ಸಾಮೆಗಳನ್ನೇ ಏಕೆ ಉಣ್ಣಬಾರದೆಂದು ಪೇಟೆಯವರು ಕೇಳುವುದುಂಟು. ಕೇಳುವವರು ಒನಕೆ ಹಿಡಿದವರಲ್ಲ. ರಾಗಿಯನ್ನು ಒಕ್ಕಿದರೆ ಕಾಳು ಹೊಟ್ಟಿನಿಂದ ಬಿಡಿಸಿಕೊಳ್ಳುತ್ತದೆ, ಹಾಗೆಯೇ ಬೀಸಬಹುದು. ನವಣೆ ಸಾಮೆಗಳ ಮೇಲಿನ ಬಿರುಸಾದ ಹೊಟ್ಟಾದರೋ ಕಾಳನ್ನು ಬಿಡದು, ಮನುಷ್ಯನಿಗೆ ಜೀರ್ಣವೂ ಆಗದು. ಅವನ್ನು ಒರಳಿಗೆ ಹಾಕಿ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಬೇಕು. ದಿನವೆಲ್ಲ ಕೂಲಿ ಮಾಡಿಯೋ ಮಗ್ಗಕ್ಕೆ ಕಂಡಿಕೆ ಸುತ್ತಿಯೋ ದಣಿದ ಹೆಂಗಸು ಸಂಜೆ ಈ ಕೆಲಸಕ್ಕೆ ಕೂರಲಾರಳು. ಅಕ್ಕಿಯನ್ನು ತೊಳೆದು ಒಲೆಗಿಟ್ಟರೆ ತೀರಿತು. ಇದನ್ನು ಅಜ್ಞಾನವೆಂದು ಕರೆಯುವುದು ತರವಲ್ಲ.

ಹೊಟ್ಟು ಬಿಡಿಸುವ ಯಂತ್ರ ಸಮೀಪದಲ್ಲಿಲ್ಲದ ರೈತನು ಕಾಳನ್ನು ಹಾಗೆಯೇ ಮಾರುತ್ತಾನೆ. ದೂರದಲ್ಲೆಲ್ಲೋ ಅದು ನವಣಕ್ಕಿಯಾಗಿ, ಅಂದವಾದ ಚೀಲವನ್ನು ಸೇರಿ, ಬಡವರ ಕೈಗೆಟುಕದ ಬೆಲೆಯಲ್ಲಿ ತಮ್ಮ ಅಂಗಡಿಗಳಿಗೆ ಬರುತ್ತದೆ. ೨೦೧೯ರ ರೈತಸಿರಿ ಯೋಜನೆಯು ಸಿರಿಧಾನ್ಯ ಬೆಳೆಯುವವರಿಗೆ ಹೆಕ್ಟೇರಿಗೆ ೧೦,೦೦೦ ರೂಪಾಯಿಗಳನ್ನು ಗೊತ್ತುಮಾಡಿತು. ಇದು ಹೊಲಕ್ಕೆ ಸಂದ ನೆರವು. ಒಲೆಯ ತೊಡಕು ಇದರಿಂದ ಬಗೆಹರಿಯದು.

ಹಟ್ಟಿಗಳಿಗೂ ನೇಕಾರರ ಕೇರಿಗಳಿಗೂ ನಡೆದು ಹೋಗುವಷ್ಟು ದೂರದಲ್ಲಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿಯೇ, ಹೊಟ್ಟು ಬಿಡಿಸುವ ಸಣ್ಣ ಯಂತ್ರವೊಂದು ಇರಬೇಕೆಂಬುದು ನಮ್ಮ ಸೂಚನೆ. ಸ್ತ್ರೀಶಕ್ತಿ ಸಂಘಗಳು ಅದನ್ನು ನಡೆಸಬಲ್ಲವು. ತೌಡು ಹೋಗುವಷ್ಟು ತೀಡಬಾರದು. ಸಾರವೆಲ್ಲ ಅಲ್ಲಿಯೇ ಹೆಚ್ಚು. ತೌಡುಳಿದ ನವಣಕ್ಕಿಯು ಬಹುದಿನವಿಟ್ಟರೆ ಕಮಟು ಹಿಡಿಯುವುದು ನಿಜ. ದೂರದ ವರ್ತಕನಿಗೆ ಇದು ತೊಂದರೆಯೇ ಹೊರತು, ವಾರಕ್ಕೆ ಬೇಕಾದಷ್ಟನ್ನೇ ಬಿಡಿಸಿಕೊಳ್ಳುವ ಮನೆಗಲ್ಲ.

ಇನ್ನು ಕಡಲೆಕಾಯಿ. ಅದರ ಬೀಜದಲ್ಲಿ ನೂರಕ್ಕೆ ೨೫ ಪಾಲು ಸಸಾರಜನಕವುಂಟು. ಗಾಣಕ್ಕೆ ಹೋಗುವ ಮೂಟೆಯಿಂದ ಕೆಲವು ಸೇರು ಮಕ್ಕಳ ಪಾಲಿಗೆ ಮನೆಯಲ್ಲಿಯೇ ಉಳಿಯಲಿ. ಹುರಿದು ಬೆಲ್ಲದೊಡನೆ ಕೊಡಬಹುದು. ಬೂಷ್ಟು ಹಿಡಿದ ಬೀಜವನ್ನು ಮಾತ್ರ ಆರಿಸಿ ಎಸೆಯಬೇಕು. ಅದರಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷವಿರುವುದುಂಟು, ಹುರಿದರೂ ಅದು ಪೂರ್ತಿ ಹೋಗದು.