ಲೈಟ್ ಹತ್ತುತ್ತೆ, ಮುಂದಿನ ಗಾಲಿ ಎಳೆಯಲ್ಲ: ಹಳೇ ಫೋರ್ ಬೈ ಫೋರ್ ಗಾಡಿಯಲ್ಲಿ ತಪ್ಪು ಎಲ್ಲಿದೆ?

ಕೊಟ್ಟೂರು ತೇರಿನ ಹೊತ್ತಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಯ ಫೋರ್ ವೀಲ್ ಡ್ರೈವ್ ಕೆಲಸ ಮಾಡುತ್ತೋ ಇಲ್ಲವೋ ಗೊತ್ತಾಗೋದು ಮುಂಗಾರಿನಲ್ಲೇ. ಮಸಾರಿ ಹೊಲದಲ್ಲಿ ಹೆಂಗೋ ನಡೆಯುತ್ತೆ. ಎರೆ ಹೊಲದಲ್ಲಿ ಈರುಳ್ಳಿ ಚೀಲ ಹೇರಿಕೊಂಡು ಹೂತುಕೊಂಡರೆ ಟ್ರ್ಯಾಕ್ಟರ್ ಕರೆಸಬೇಕು. ಹೆಚ್ಚು ದುಡ್ಡು ಕೊಟ್ಟು ಫೋರ್ ಬೈ ಫೋರ್ ಕೊಂಡಿದ್ದು ಯಾಕೆ ಹಾಗಾದ್ರೆ?

ಸ್ವಿಚ್ ತಿರುಗಿಸಿ ಫೋರ್ ವೀಲ್ ಹಾಕುವ ಹಳೇ ಸ್ಕಾರ್ಪಿಯೋದಂಥ ಗಾಡಿಯಲ್ಲಿ ಎರಡು ಕೆಲಸ ಆಗಬೇಕು. ಗೇರ್ ಬಾಕ್ಸ್ ಹಿಂದಿನ ಟ್ರಾನ್ಸ್‌ಫರ್ ಕೇಸನ್ನು ಒಂದು ಸಣ್ಣ ಮೋಟಾರ್ ತಿರುಗಿಸಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ಗೆ ಶಕ್ತಿ ಕೊಡಬೇಕು. ಆಮೇಲೆ ಮುಂದಿನ ಎರಡೂ ಗಾಲಿಯ ಹಬ್ ವ್ಯಾಕ್ಯೂಮ್‌ನಿಂದ ಲಾಕ್ ಆಗಬೇಕು. ಮೊದಲನೆಯದು ಆಗಿ ಎರಡನೆಯದು ಆಗದಿದ್ರೂ ಮೀಟರ್‌ನಲ್ಲಿ ಲೈಟ್ ಹತ್ತಬಹುದು. ಅದಕ್ಕೇ ಲೈಟನ್ನು ನಂಬಬೇಡಿ.

ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಇದೆಯಾ ಅಂತ. ಸದ್ದು ಬರುತ್ತೆ ಅಂತ ಅದನ್ನು ಬಿಚ್ಚಿಟ್ಟು ಓಡಿಸುವವರೂ ಇದ್ದಾರೆ.

ಆಮೇಲೆ ಸದ್ದಿಲ್ಲದ ಜಾಗದಲ್ಲಿ, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಸ್ವಿಚ್ಚನ್ನು ಟೂ ಹೈನಿಂದ ಫೋರ್ ಹೈಗೆ ತಿರುಗಿಸಿ. ಕೆಳಗಡೆ ಮೋಟಾರ್ 'ಗರ್ರ್' ಅನ್ನಬೇಕು. ಏನೂ ಕೇಳಿಸದಿದ್ರೆ ಫ್ಯೂಸ್, ಬ್ಯಾಟರಿ, ಮೋಟಾರ್‌ನ ವೈರ್ ಸಾಕೆಟ್ ನೋಡಿ. ಸಾಕೆಟ್‌ನಲ್ಲಿ ಕೆಸರು, ಹಸಿರು ತುಕ್ಕು ಕಟ್ಟಿಕೊಂಡಿರುತ್ತೆ; ಕ್ಲೀನ್ ಮಾಡಿದ್ರೆ ಎಷ್ಟೋ ಸಲ ಅಲ್ಲೇ ಮುಗಿಯುತ್ತೆ. ಫೋರ್ ಲೋ ಮಾತ್ರ ಬೀಳ್ತಿಲ್ಲ ಅಂದ್ರೆ ರಿಪೇರಿಗೆ ಓಡಬೇಡಿ. ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಕ್ಲಚ್ ಪೂರ್ತಿ ಒತ್ತಿ ಹಾಕಿ ನೋಡಿ.

ಮೋಟಾರ್ ಸದ್ದು ಸರಿಯಾಗಿದ್ರೆ ಮೊಬೈಲ್ ಕೆಲಸಕ್ಕೆ ಬರುತ್ತೆ. ಹಸಿ ಹೊಲದಲ್ಲಿ ಫೋರ್ ಹೈ ಹಾಕಿ ನಿಧಾನವಾಗಿ ಎಳೆಸಿ. ಗಾಡಿ ಮುಂದೆ ಹಿಂದೆ ಯಾರೂ ನಿಲ್ಲಬಾರದು. ಮೊಬೈಲನ್ನು ಪಕ್ಕದಲ್ಲಿ ದೂರಕ್ಕೆ, ಒಂದು ಕಲ್ಲಿನ ಮೇಲೆ ತಗ್ಗಿನಲ್ಲಿಟ್ಟು, ಗಾಡಿಯ ಅಡಿಭಾಗ ಕಾಣುವ ಹಾಗೆ ವಿಡಿಯೋ ಮಾಡಿ. ಹಿಂದಿನ ಗಾಲಿ ಜಾರಿ ತಿರುಗುವಾಗ ಮುಂದಿನ ಶಾಫ್ಟ್ ನಿಂತೇ ಇದ್ರೆ ತಪ್ಪು ಟ್ರಾನ್ಸ್‌ಫರ್ ಕೇಸ್ ಕಡೆಯದು. ಶಾಫ್ಟ್ ತಿರುಗ್ತಿದೆ, ಗಾಲಿಗಳು ಸುಮ್ಮನಿವೆ ಅಂದ್ರೆ ಹಬ್ ಕಡೆಯದು.

ಇಲ್ಲೊಂದು ಮೋಸ ಇದೆ. ಒಂದು ಕಡೆಯ ಹಬ್ ಮಾತ್ರ ಕೆಟ್ಟರೂ ಇನ್ನೊಂದು ಗಾಲಿಯೂ ಎಳೆಯಲ್ಲ. ಡಿಫರೆನ್ಷಿಯಲ್ ತಿರುಗುವ ಶಕ್ತಿಯನ್ನು ಸುಲಭವಾಗಿ ತಿರುಗುವ ಕಡೆಗೇ ಬಿಟ್ಟುಬಿಡುತ್ತೆ. ಹಾಗಾಗಿ ಎರಡೂ ಹಬ್ ಬದಲಿಸಿ ಅಂತ ಯಾರಾದ್ರೂ ಹೇಳಿದ್ರೆ ತಕ್ಷಣ ಒಪ್ಪಬೇಡಿ. ಮೊದಲು ವ್ಯಾಕ್ಯೂಮ್ ಪೈಪ್ ನೋಡಿ. ನಮ್ಮ ಬಿಸಿಲಿಗೆ ರಬ್ಬರ್ ಬಿರಿಯುತ್ತೆ, ಇಲಿ ಕಡಿಯುತ್ತೆ. ಹ್ಯಾಂಡ್ ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡಲಿ. ಒಬ್ಬರು ಸ್ವಿಚ್ ತಿರುಗಿಸುವಾಗ ಇನ್ನೊಬ್ಬರು ಹಬ್ ಹತ್ತಿರದ ಪೈಪ್ ತುದಿಗೆ ಬೆರಳಿಟ್ಟರೆ ಎಳೆತ ಗೊತ್ತಾಗಬೇಕು. ಎಳೆತ ಇಲ್ಲ ಅಂದ್ರೆ ಖರ್ಚು ಪೈಪಿನದ್ದು ಅಥವಾ ವಾಲ್ವ್‌ನದ್ದು. ಎಳೆತ ಇದ್ದೂ ಲಾಕ್ ಆಗದಿದ್ರೆ ಆಗ ಹಬ್ ಬಿಚ್ಚಿಸಿ.

ರಿಪೇರಿ ಆದಮೇಲೆ ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್ ಹೈ ಹಾಕಿ ಸ್ವಲ್ಪ ದೂರ ಓಡಿಸಿ. ಒಣ ಟಾರ್ ರೋಡಿನಲ್ಲಿ ಬೇಡ: ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿ ಬೇರೆ ಬೇರೆ ದೂರ ಓಡಬೇಕು, ಫೋರ್ ವೀಲ್ ಅದಕ್ಕೆ ಬಿಡಲ್ಲ, ಬಿಗಿದುಕೊಳ್ಳುತ್ತೆ. ಹಾಗೆ ಬಿಗಿದು ಟೂ ಹೈಗೆ ವಾಪಸ್ ಬರದಿದ್ರೆ ರಿವರ್ಸ್‌ನಲ್ಲಿ ನೆಟ್ಟಗೆ ಕೆಲವು ಮೀಟರ್ ತಗೊಳ್ಳಿ, ಬಿಡುತ್ತೆ.