ಒಂದು ಆಟೊ ತುಂಬದ ಸಂಸಾರ

ಹಂಪಿನಗರದ ಆ ಒನ್ ಬಿಎಚ್‌ಕೆ ಮನೆಗೆ ನಾವು ಮೂವರು ಹೊಕ್ಕಾಗ ಕೈಯಲ್ಲಿದ್ದದ್ದು ಇಷ್ಟೇ: ಮೂರು ಚಾಪೆ, ಎರಡು ಬಕೆಟ್, ಒಂದು ಕುಕ್ಕರ್, ಮೂರು ತಟ್ಟೆ, ಪುಸ್ತಕ ತುಂಬಿದ ಒಂದು ಗೋಣಿಚೀಲ. ಬೇರೇನಾದರೂ ಕೊಳ್ಳೋಣವೆಂದರೆ ದುಡ್ಡನ್ನೆಲ್ಲ ಅಡ್ವಾನ್ಸ್ ನುಂಗಿತ್ತು.

ನಾನು ಹಾವೇರಿ ಕಡೆಯವನು. ಕೆಎಎಸ್ ಕನಸು ಹೊತ್ತು ವಿಜಯನಗರಕ್ಕೆ ಬಂದಿಳಿಯುವ ಹುಡುಗರಲ್ಲಿ ಒಬ್ಬ. ಬಾಡಿಗೆ 12 ಸಾವಿರ, ಅಡ್ವಾನ್ಸ್ ಹತ್ತು ತಿಂಗಳದ್ದು. ನನ್ನ ಪಾಲಿನ 40 ಸಾವಿರಕ್ಕೆ ಅಪ್ಪ ಗೋವಿನಜೋಳ ಮಾರಿದ್ದ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದು ಎನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ಒಪ್ಪಿ ಜಾರಿ ಮಾಡಿದರಷ್ಟೇ ಕಾನೂನು. ಪರೀಕ್ಷೆಗೆಂದು ಇದನ್ನು ನೋಟ್ಸ್ ಮಾಡಿಕೊಂಡೆ. ಓನರ್ ಮುಂದೆ ಬಾಯಿ ಬಿಡಲಿಲ್ಲ!

ಕರಾರುಪತ್ರ 11 ತಿಂಗಳಿಗೆ. ವರ್ಷ ಮೀರಿದ ಕರಾರಾದರೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ, ಅದಕ್ಕೇ ಈ 11ರ ಲೆಕ್ಕ. ಹನ್ನೊಂದು ತಿಂಗಳ ಮನೆಗೆ ಮಂಚವೇಕೆ, ಬೀರುವೇಕೆ? ಮೊಳೆ ಹೊಡೆಯುವಂತಿಲ್ಲ ಎಂದಿದ್ದರು. ಕಿಟಕಿ ಕಂಬಿಯಿಂದ ಕಂಬಿಗೆ ಕಟ್ಟಿದ ಹಗ್ಗವೇ ವಾರ್ಡ್‌ರೋಬ್ ಆಯಿತು. ಇಲ್ಲಿನ ವಿಳಾಸದ ದಾಖಲೆ ಇಲ್ಲದ್ದರಿಂದ ಐದು ಕೆ.ಜಿ.ಯ ‘ಛೋಟು’ ಸಿಲಿಂಡರ್ ತಂದೆವು, ಅದಕ್ಕೆ ಗುರುತಿನ ಚೀಟಿ ಸಾಕು. ಫ್ರಿಜ್ ಇಲ್ಲ, ಹಾಗಾಗಿ ತರಕಾರಿ ಅಂದಂದಿಗೆ. ಓದಲು ಮೇಜು ಬೇಕೆನಿಸಿದಾಗ ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ಇದ್ದೇ ಇತ್ತು. ನಮ್ಮ ಮನೆಯ ಅತಿ ದೊಡ್ಡ ಕೋಣೆ ಅದೇ ಎಂದು ನಗುತ್ತಿದ್ದೆವು.

ಒಮ್ಮೆ ಅಪ್ಪ ಬಂದ. ಉಣ್ಣುವವರು ನಾಲ್ವರು, ತಟ್ಟೆ ಮೂರು. ನನಗೆ ಕುಕ್ಕರೇ ಗತಿ. ಅಪ್ಪ ನೋಡಿದ, ಮಾತಾಡಲಿಲ್ಲ. ರಾತ್ರಿ ಚಾಪೆಯ ಮೇಲೆ ಮಗ್ಗುಲಾಗುತ್ತ, ‘ಮನ್ಯಾಗ ಅಟ್ಟದ ತುಂಬ ಭಾಂಡೆ ಅದಾವಲ್ಲೋ’ ಅಂದ, ಅಷ್ಟೇ. ಮುಂದಿನ ವಾರ ಊರ ಹುಡುಗನ ಕೈಯಲ್ಲಿ ಒಂದು ಸ್ಟೀಲ್ ಗಂಗಾಳ ಬಂತು. ಅವ್ವನ ಮದುವೆಗೆ ಕೊಟ್ಟದ್ದು, ಅಂಚಿನಲ್ಲಿ ಅವಳ ಹೆಸರಿತ್ತು.

ಪ್ರಿಲಿಮ್ಸ್‌ನಲ್ಲಿ ನಾನು ಪಾಸಾಗಲಿಲ್ಲ. ಗೆಳೆಯರಲ್ಲಿ ಒಬ್ಬನಿಗೆ ಕೆಲಸ ಸಿಕ್ಕಿತು, ಇನ್ನೊಬ್ಬ ಊರಿಗೆ ಮರಳಿದ. ಒಬ್ಬನೇ ಅಷ್ಟು ಬಾಡಿಗೆ ಕಟ್ಟಲಾರದೆ ಮನೆ ಬಿಟ್ಟೆ. ಪೇಂಟಿಂಗ್‌ಗೆಂದು ಓನರ್ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ನನ್ನ ಪಾಲಿಗೆ ಹೋದದ್ದು 4 ಸಾವಿರ. ಅಪ್ಪನ ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡು ಕ್ವಿಂಟಲ್ ಗೋವಿನಜೋಳ. ಮನೆ ಹುಡುಕುತ್ತಿರುವ ಗೆಳೆಯರೇ, ಮಂಚ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಬಿಡುವಾಗ ಎಷ್ಟು ಹಿಡಿಯುತ್ತಾರೆಂದು ಮೊದಲೇ ಕೇಳಿ ಕರಾರಿನಲ್ಲಿ ಬರೆಸಿ. ಹೊಕ್ಕ ದಿನವೇ ಗೋಡೆ, ನಲ್ಲಿಗಳ ಫೋಟೊ ತೆಗೆದಿಡಿ. ನಾವು ಎರಡನ್ನೂ ಮಾಡಿರಲಿಲ್ಲ.

ಈಗ ಕೆಂಗೇರಿಯ ಸಣ್ಣ ರೂಮಿನಲ್ಲಿದ್ದೇನೆ. 2021ರಿಂದ ಇಲ್ಲಿಗೂ ನೇರಳೆ ಮಾರ್ಗದ ಮೆಟ್ರೊ ಇದೆ, ಹಾಗಾಗಿ ಹಂಪಿನಗರದ ಆ ‘ದೊಡ್ಡ ಕೋಣೆ’ ತಪ್ಪಿಲ್ಲ. ಮನೆ ಬದಲಿಸಿದ ದಿನ ಆಟೊ ಡ್ರೈವರ್ ಹಿಂದಿನ ಸೀಟು ನೋಡಿ, ‘ಇಷ್ಟೇನಾ ಸಾರ್, ಇನ್ನೊಂದು ಟ್ರಿಪ್ ಇದ್ಯಾ?’ ಎಂದು ಕೇಳಿದ್ದರು.

‘ಇಷ್ಟೇ ಅಣ್ಣ, ನಡೀರಿ’ ಎಂದೆ. ಗಂಗಾಳ ನನ್ನ ತೊಡೆಯ ಮೇಲಿತ್ತು.